ರೋಗಾಣುವಿಗೆ ಘಾಟಿಲ್ಲ

ಅಗಡಿ

ಮಗಳೇ,

ಹಾವೇರಿಯಲ್ಲಿ ಕಫ, ರಕ್ತ ಪರೀಕ್ಷೆಯ ಲ್ಯಾಬ್ ತೆರೆಯುತ್ತೀ ಎಂದು ತಿಳಿದು ಮನಸ್ಸು ತುಂಬಿತು. ಮೊದಲ ಹಣ ಯಾವ ಯಂತ್ರಕ್ಕೆ ಹಾಕಲಿ ಎಂದು ಕೇಳಿದ್ದೀ. ಅದಕ್ಕೂ ಮೊದಲು ಒಂದು ಮಾತು.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಸುರಿದರೆ ದೂರ ನಿಂತವರೂ ಸೀನುತ್ತಾರೆ. ಘಾಟು ಕಣ್ಣಿಗೆ ಕಾಣದಿದ್ದರೂ ಎಚ್ಚರಿಸುತ್ತದೆ. ರೋಗಾಣುವಿಗೆ ಘಾಟಿಲ್ಲ. ಲ್ಯಾಬಿನ ಕೆಲಸಕ್ಕೆ ನಾನು ಹೊಸಬನಿದ್ದಾಗ ಸೆಂಟ್ರಿಫ್ಯೂಜ್‌ನಲ್ಲಿ ನಳಿಕೆ ಒಡೆದ ಸದ್ದು ಕೇಳಿ ಗಡಿಬಿಡಿಯಲ್ಲಿ ಮುಚ್ಚಳ ತೆರೆದಿದ್ದೆ. ಗಾಳಿಗೆದ್ದ ಸೂಕ್ಷ್ಮ ಹನಿಗಳು ಇಳಿಯುವವರೆಗೆ, ಅರ್ಧ ಗಂಟೆ, ಅದನ್ನು ಮುಚ್ಚಿಡಬೇಕೆಂದು ಆಗ ನನಗೆ ಯಾರೂ ಹೇಳಿರಲಿಲ್ಲ. ನೀನು ಮುಚ್ಚಿಡು.

ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಕಾಡಿನಲ್ಲಿ ಅದನ್ನು ಹರಡುವುದು ಉಣ್ಣಿ. ಆದರೆ ಆ ಕಾಯಿಲೆಯ ವೈರಸ್ಸನ್ನು ಅಭ್ಯಾಸ ಮಾಡುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೂ ಜ್ವರ ತಗುಲಿತು. ಅಂಥದ್ದನ್ನು ಬೆಳೆಸಲು ಕನಿಷ್ಠ ಮೂರನೇ ಹಂತದ ಜೈವಿಕ ಸುರಕ್ಷತೆ ಬೇಕು. ನಿನ್ನದು ಎರಡನೇ ಹಂತ. ನಿನ್ನ ಹಂತಕ್ಕೆ ಮೀರಿದ ಮಾದರಿ ಬಂದರೆ ತೆರೆಯಬೇಡ, ಮೂರು ಪದರದಲ್ಲಿ ಕಟ್ಟಿ ದೊಡ್ಡ ಲ್ಯಾಬಿಗೆ ಕಳಿಸು.

ಮಾದರಿ ತೆರೆಯುವ ಸುರಕ್ಷಾ ಕ್ಯಾಬಿನೆಟ್ಟನ್ನು ಬಾಗಿಲು, ಕಿಟಕಿ, ಸೀಲಿಂಗ್ ಫ್ಯಾನುಗಳಿಂದ ದೂರವಿಡು. ಅದರ ಬಾಯಲ್ಲಿ ಒಳಗೆ ಹರಿಯುವ ಗಾಳಿಯೇ ನಿನ್ನ ಕಾವಲು. ಬೇಸಿಗೆಯ ಸೆಕೆಗೆ ಫ್ಯಾನ್ ಹಾಕಿದರೆ ಆ ಕಾವಲು ಮುರಿಯುತ್ತದೆ. ಕರೆಂಟ್ ಹೋದರೆ ಮಾದರಿ ಮುಚ್ಚಿ ಕೆಲಸ ನಿಲ್ಲಿಸು. ಕೈ ತೊಳೆಯುವ ನಲ್ಲಿ ಬಾಗಿಲ ಬಳಿಯೇ ಇರಲಿ, ಹೊರಡುವಾಗಿನ ಕೊನೆಯ ಕೆಲಸ ಅದೇ. ಕಸವನ್ನು ಸಾಮಾನ್ಯ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡದಲ್ಲಿ 60 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಬೇಯಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ರೋಗಿಗಳ ಸಾಲು ಎಷ್ಟೇ ಉದ್ದವಿರಲಿ, ಆ ಗಂಟೆಯಲ್ಲಿ ಒಂದು ನಿಮಿಷವನ್ನೂ ಕಡಿಯಬೇಡ.

ಬಳಸಿದ ಸೂಜಿಗೆ ಮತ್ತೆ ಟೋಪಿ ಹಾಕಬೇಡ. ಹಾಗೇ ಸೂಜಿ ತೂರದ ಡಬ್ಬಿಗೆ ಹಾಕು. ಕಸದಲ್ಲಿ ಬಿದ್ದ ಸೂಜಿ ಚುಚ್ಚುವುದು ನಿನ್ನನ್ನಲ್ಲ, ಬೆಳಿಗ್ಗೆ ಕಸ ಗುಡಿಸುವ ಅಕ್ಕನನ್ನು. ನೀನು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳುವ ದಿನವೇ ಅವಳಿಗೂ ಹಾಕಿಸು, ಮೂರೂ ಡೋಸು. ಗೋಡೆಯ ನಿಯಮ ಕನ್ನಡದಲ್ಲಿರಲಿ, ಅವಳಿಗೆ ಓದಲು ಬಾರದಿದ್ದರೆ ನೀನೇ ಕೂತು ಹೇಳು. ಮನೆಗೆ ಹೋದೊಡನೆ ಅವಳು ಕೂಸನ್ನು ಎತ್ತಿಕೊಳ್ಳುತ್ತಾಳೆ.

ಮೊದಲ ಹಣ ಎಲ್ಲಿಗೆ ಎಂದು ಕೇಳಿದೆಯಲ್ಲ, ಈ ಸುರಕ್ಷತೆಗೆ.

ನಿನ್ನ ಕಾಕಾ