ಮೊಲೆತೊಟ್ಟು ಬಿರಿದಿದೆ, ಬಾಟಲಿ ಹಾಲು ಕೊಡಲೇ?

ಪ್ರಶ್ನೆ: ಬಾಣಂತನಕ್ಕೆ ಧಾರವಾಡದ ತವರಿಗೆ ಬಂದಿದ್ದೇನೆ. ಮಗುವಿಗೆ 9 ದಿನ. ತೊಟ್ಟು ಬಿರಿದು ರಕ್ತ ಜಿನುಗುತ್ತಿದೆ. ಬಾಟಲಿ ಶುರುಮಾಡಲೇ?

ಉತ್ತರ: ಬಾಟಲಿ ಬೇಡಮ್ಮ, ಎದೆಹಾಲನ್ನೇ ಮುಂದುವರಿಸಿ. ಮಗು ಬರೀ ತೊಟ್ಟಿನ ತುದಿ ಚೀಪಿದಾಗಲೇ ಹೆಚ್ಚಾಗಿ ಹೀಗಾಗುವುದು. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಆಕಳಿಸುವಷ್ಟು ಬಾಯಿ ತೆರೆದಾಗ ಎದೆಗೆ ಸೆಳೆದುಕೊಳ್ಳಿ. ಕೆಳತುಟಿ ಹೊರಮಡಚಿ, ತೊಟ್ಟಿನ ಸುತ್ತಲ ಕಪ್ಪುಭಾಗವೂ ಬಾಯೊಳಗೆ ಹೋಗಬೇಕು. ನೋವು ನಿಲ್ಲದಿದ್ದರೆ ಎಳೆಯದೆ, ಬಾಯಂಚಿಗೆ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಕಡಿಮೆ ನೋವಿರುವ ಬದಿಯಿಂದ ಮೊದಲು ಕುಡಿಸಿ. ಕೊನೆಯ ಹನಿ ಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡಿ. ಹಿರಿಯರು ಹೇಳಿದರೂ ಅರಿಸಿನ ಬೇಡ, ಸೋಪೂ ಬೇಡ.

14ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವರೆದುರೇ ಹಾಲೂಡಿಸಿ ತೋರಿಸಿ. ಜ್ವರ ಬಂದರೆ, ಎದೆ ಕೆಂಪಾಗಿ ಗಟ್ಟಿಯಾದರೆ, ಮಗುವಿನ ಬಾಯಲ್ಲಿ ಬಿಳಿ ಪದರ ಕಂಡರೆ ಅಂದೇ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಹೋಗಿ.