ಕಾಡೇ ಬಂಡವಾಳವಾದ ವ್ಯಾಪಾರ

ವಿದ್ಯಾರ್ಥಿಗಳೇ,

ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬರುವ ಪ್ರವಾಸಿಗೆ ನಮ್ಮ ಹಾಸನೂರಿನ ತಂಗಾಳಿ ಸೋಕಿದೊಡನೆ ಆಯಾಸವೆಲ್ಲ ಮರೆತುಹೋಗುತ್ತದೆ. ಆತ ನೋಡಬಂದದ್ದು ಆನೆ, ಕಾಟಿ, ಜಿಂಕೆಗಳನ್ನು, ವಸತಿಗೃಹದ ಕೊಠಡಿಯನ್ನಲ್ಲ. ಆದುದರಿಂದ ಇಲ್ಲಿಯ ಪ್ರವಾಸೋದ್ಯಮಕ್ಕೆ ಕಾಡೇ ಬಂಡವಾಳ. ಅಂಗಡಿಯವನು ಬಂಡವಾಳವನ್ನೇ ತಿನ್ನತೊಡಗಿದರೆ ಅಂಗಡಿ ಎಷ್ಟು ದಿನ ನಡೆದೀತು? 'ಸುಸ್ಥಿರ ಪ್ರವಾಸೋದ್ಯಮ' ಎಂಬ ದೊಡ್ಡ ಮಾತಿನ ಹುರುಳು ಇಷ್ಟೇ.

ಸತ್ಯಮಂಗಲದ ಅರಣ್ಯವು 2008ರಲ್ಲಿ ವನ್ಯಜೀವಿಧಾಮವೆಂದೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿತವಾಯಿತು. ಇಂಥ ಪ್ರದೇಶಗಳಿಗಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು 2012ರಲ್ಲಿ ನಿಯಮಗಳನ್ನು ಹೊರಡಿಸಿತು. ಹುಲಿಯ ಮುಖ್ಯ ನೆಲೆಯ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ತೆರೆಯಕೂಡದು; ಅಲ್ಲಿ ಪ್ರವಾಸಿಗಳಿಗಾಗಿ ಹೊಸ ಕಟ್ಟಡ ಎಬ್ಬಿಸಕೂಡದು. ನಿಯಮ ಕಠಿಣವೆಂದು ಗೊಣಗುವವರು ನೀಲಗಿರಿ ಜಿಲ್ಲೆಯ ಸೀಗೂರನ್ನು ನೆನೆಯಬೇಕು. ಅಲ್ಲಿ ಆನೆಗಳ ಹಾದಿಯಲ್ಲೇ ರೆಸಾರ್ಟುಗಳು ಎದ್ದವು. 2018ರಲ್ಲಿ ಕೆಲವಕ್ಕೆ ಬೀಗಮುದ್ರೆ ಬಿತ್ತು. 2020ರಲ್ಲಿ ಸುಪ್ರೀಂ ಕೋರ್ಟು ಆನೆಹಾದಿಯನ್ನು ಎತ್ತಿಹಿಡಿಯಿತು. ನಷ್ಟವಾದದ್ದು ಮಾಲೀಕರಿಗೆ ಮಾತ್ರವೇ? ಕೊಠಡಿ ಗುಡಿಸುತ್ತಿದ್ದವರಿಗೂ ಕೆಲಸ ತಪ್ಪಿತಲ್ಲವೇ?

ನಮ್ಮ ಕಾರಪಳ್ಳಂ ತನಿಖಾ ಠಾಣೆಯ ಬಳಿಯ ದೃಶ್ಯವನ್ನು ನೀವೆಲ್ಲ ಕಂಡಿದ್ದೀರಿ. ಲಾರಿಗಳಿಂದ ಉದುರಿದ ಕಬ್ಬಿನ ರುಚಿ ಹತ್ತಿದ ಆನೆಗಳು ಲಾರಿಗಾಗಿ ರಸ್ತೆಯಲ್ಲೇ ಕಾದು ನಿಲ್ಲುತ್ತವೆ. ಪ್ರವಾಸಿಗಳು ಕಾರು ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಕೆಲವರು ತಿಂಡಿ ಎಸೆಯುವುದೂ ಉಂಟು. ಅವರಿಗೆ ಅದು ವಿನೋದ. ಸಂಜೆ ಅದೇ ದಾರಿಯಲ್ಲಿ ಮನೆಗೆ ನಡೆಯುವ ನಿಮಗೆ ಪ್ರಾಣದ ಪ್ರಶ್ನೆ. ವಾಹನದಿಂದ ಆಹಾರ ಸಿಗುತ್ತದೆಂದು ಕಲಿತ ಪ್ರಾಣಿ ಕಾಡಿನ ಮೇವಿಗೆ ಸುಲಭವಾಗಿ ಮರಳುವುದಿಲ್ಲ. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳಿಗೆ 2019ರ ಜನವರಿ 1ರಿಂದ ನಿಷೇಧವಿದ್ದರೂ ಘಟ್ಟದ ಅಂಚಿನಲ್ಲಿ ಬಿದ್ದಿರುವ ತೊಟ್ಟೆಗಳನ್ನು ಕುರಿತು ನಾನು ಹೇಳಬೇಕಾಗಿಲ್ಲ.

ಇನ್ನು ಹಣದ ವಿಚಾರ. ಅತಿಥಿಯೊಬ್ಬನು ಒಂದು ರಾತ್ರಿಗೆ 3,000 ರೂಪಾಯಿ ಕೊಟ್ಟನೆಂದು ಇಟ್ಟುಕೊಳ್ಳಿ. ತರಕಾರಿ ಕೆಳಗಿನಿಂದ ಬಂದು, ಅಡಿಗೆಯವನು ಬೇರೆ ಊರಿನವನಾಗಿ, ಲಾಭ ಪಟ್ಟಣದ ಮಾಲೀಕನಿಗೆ ಹೋದರೆ ಊರಿನಲ್ಲಿ ಉಳಿಯುವುದು ಕಸ ಮಾತ್ರ. ತಾಳವಾಡಿಯ ರಾಗಿ, ಕೋಸುಗಳನ್ನೇ ಕೊಂಡು, ಕಾಡನ್ನು ಅಂಗೈಯಂತೆ ಬಲ್ಲ ಸೋಲಿಗರನ್ನು ಮಾರ್ಗದರ್ಶಕರನ್ನಾಗಿ ಇಟ್ಟುಕೊಂಡರೆ ಲೆಕ್ಕವೇ ಬೇರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಕಾಡಿನ ಪೀಡೆಯಾದ ಲಾಂಟಾನ ಗಿಡದ ಕಡ್ಡಿಗಳಿಂದಲೇ ಕುರ್ಚಿ, ಮೇಜು ಹೆಣೆದು ಮಾರಿದ್ದಾರೆ.

ರಜೆಯಲ್ಲಿ ನಿಮ್ಮ ಬೀದಿಯನ್ನು ಸುತ್ತಿ ಬರೆದು ತನ್ನಿ: ವಸತಿಗೃಹಗಳಲ್ಲಿ ದುಡಿಯುವವರು ಎಷ್ಟು ಮಂದಿ, ಅವರ ಊರು ಯಾವುದು, ಅಲ್ಲಿಯ ಕಸ ಎಲ್ಲಿಗೆ ಹೋಗುತ್ತದೆ, ನೀರು ಯಾವ ಕೊಳವೆಬಾವಿಯದು. ಜೂನ್ ತಿಂಗಳಲ್ಲಿ ತರಗತಿಯಲ್ಲಿ ಓದೋಣ.