ಅಂಗವಿಕಲತೆ ಪ್ರಮಾಣಪತ್ರ: ಮೇಲ್ಮನವಿ ವಿಚಾರಣೆಗೆ ಹೋಗುವ ಮುನ್ನ



ದೇವದುರ್ಗ, ಮಾನ್ವಿ ಕಡೆಯಿಂದ ಬರುವವರು ವಾರ್ಡಿನಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ: “ಸಿಸ್ಟರ್, ಪರ್ಸೆಂಟ್ ಕಮ್ಮಿ ಬರದಾರ, ಪಗಾರ ಬರಂಗಿಲ್ಲ ಅಂತಾರ, ಮುಂದೇನು ಮಾಡಬೇಕು?” ಅಂಥವರಿಗಾಗಿ ಈ ಪಾಠ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40 ಹಾಗೂ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದರೆ ಬಹುತೇಕ ಸೌಲಭ್ಯಗಳು ದೊರೆಯುತ್ತವೆ. ಮಾಸಾಶನಕ್ಕೂ ಇದೇ ಗಡಿ. ಶೇಕಡಾ 75 ದಾಟಿದವರಿಗೆ ಮಾಸಾಶನದ ಮೊತ್ತ ಹೆಚ್ಚು. ಅಂಗವಿಕಲತೆ ಇಲ್ಲವೆಂದು ವೈದ್ಯಕೀಯ ಪ್ರಾಧಿಕಾರ ತೀರ್ಮಾನಿಸಿದರೆ ಅದನ್ನು ಲಿಖಿತವಾಗಿ ತಿಳಿಸಬೇಕೆಂದು ಕಾಯ್ದೆಯ 58ನೇ ಕಲಮು ಹೇಳುತ್ತದೆ. ತೀರ್ಮಾನ ಒಪ್ಪಿಗೆಯಾಗದವರು ಮೇಲ್ಮನವಿ ಸಲ್ಲಿಸಬಹುದೆಂದು 59ನೇ ಕಲಮು ಹೇಳುತ್ತದೆ. ಆದ್ದರಿಂದ ಮೊದಲು ಆ ಪತ್ರ ನಿಮ್ಮ ಕೈಯಲ್ಲಿರಬೇಕು. ಬಾಯಿಮಾತಿನ “ಆಗಲ್ಲ ಹೋಗ್ರಿ” ಎಂಬುದನ್ನು ಹಿಡಿದುಕೊಂಡು ಮೇಲ್ಮನವಿ ಹಾಕಲು ಬರುವುದಿಲ್ಲ. ಮೇಲ್ಮನವಿಗೆ ಗಡುವು ಇರುವುದರಿಂದ ಪತ್ರ ಕೈಸೇರಿದ ದಿನಾಂಕವನ್ನು ಅದರ ಹಿಂಬದಿಯಲ್ಲೇ ಬರೆದಿಡಿ.

ಕೆಲವರ ತೊಂದರೆಗೆ ಮೇಲ್ಮನವಿಯೇ ಬೇಕಾಗಿರುವುದಿಲ್ಲ. ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಮರುತಪಾಸಣೆ ಮಾಡಿಸಬೇಕು. 2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ಯು.ಡಿ.ಐ.ಡಿ. ವ್ಯವಸ್ಥೆಯ ಮೂಲಕ ಆನ್‌ಲೈನ್‌ನಲ್ಲೇ ನೀಡಲಾಗುತ್ತಿದೆ. ಹಳೆಯ ಕೈಬರಹದ ಪ್ರಮಾಣಪತ್ರ ಮಾತ್ರ ಇರುವವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ಪ್ರಮಾಣಪತ್ರ ಸರಿಯಿದ್ದು ಮಾಸಾಶನದ ಅರ್ಜಿ ಮಾತ್ರ ತಿರಸ್ಕೃತವಾಗಿದ್ದರೆ ಅದು ನಾಡಕಚೇರಿ, ತಹಶೀಲ್ದಾರರ ಕಡೆಯ ವಿಷಯ. ಅಲ್ಲಿ ಅರ್ಜಿ ಕೊಟ್ಟಾಗ ಸಿಕ್ಕ ಸಕಾಲ ಸಂಖ್ಯೆಯ ಚೀಟಿ ಬೇಕಾಗುತ್ತದೆ.

ಇನ್ನು ಶೇಕಡಾವಾರು ಲೆಕ್ಕ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹೀಗಾಗಿ ಎಷ್ಟೋ ಜನ ಸುಮ್ಮನೆ ಮನೆಗೆ ಮರಳುತ್ತಾರೆ. ಒಬ್ಬರಿಗೆ ಕಾಲಿನ ದೋಷ ಶೇಕಡಾ 30, ಕಿವಿಯ ದೋಷ ಶೇಕಡಾ 20 ಇದೆ ಎಂದಿಟ್ಟುಕೊಳ್ಳಿ. ಕಾಲನ್ನು ಮಾತ್ರ ತೋರಿಸಿದರೆ 30ಕ್ಕೇ ನಿಂತು ಅರ್ಜಿ ಬಿದ್ದುಹೋಗುತ್ತದೆ. ಎರಡನ್ನೂ ಪರೀಕ್ಷಿಸಿದರೆ ಅವನ್ನು ಕೂಡಿಸಲು ಸರ್ಕಾರದ ಮಾರ್ಗಸೂಚಿಯಲ್ಲಿ ಸೂತ್ರವಿದೆ. ನೇರವಾಗಿ ಕೂಡಿ 50 ಎನ್ನುವಂತಿಲ್ಲ. 90ರಲ್ಲಿ ದೊಡ್ಡ ಸಂಖ್ಯೆ 30 ಕಳೆದರೆ 60. ಅದನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 13. ಅದನ್ನು 30ಕ್ಕೆ ಸೇರಿಸಿದರೆ 43. ಗಡಿ ದಾಟಿತು! ಆದ್ದರಿಂದ ಕಣ್ಣು, ಕಿವಿ, ಕೈಕಾಲು, ಬುದ್ಧಿ, ಮನಸ್ಸು, ಯಾವುದರಲ್ಲಿ ಎರಡನೆಯ ತೊಂದರೆ ಇದ್ದರೂ ಅದನ್ನು ಮೇಲ್ಮನವಿಯಲ್ಲಿ ಬರೆಯಿಸಿ, ತಪಾಸಣೆ ಆಗಬೇಕೆಂದು ಕೋರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ ಪರೀಕ್ಷೆಗೆ ರಾಯಚೂರಿನ ರಿಮ್ಸ್‌ಗೆ ಬರಬೇಕಾದೀತು. ಬಸ್ ಖರ್ಚಿಗೆ ಹಿಂಜರಿಯಬೇಡಿ.

ವಿಚಾರಣೆಯ ದಿನ ನಮ್ಮ ಭಾಗದವರಿಗೆ ಅಡ್ಡಬರುವುದು ನಮ್ಮ ಮರ್ಯಾದೆಯೇ. ಡಾಕ್ಟರು “ಹೇಗಿದ್ದೀರಿ?” ಎಂದರೆ ಕೈಮುಗಿದು “ಆರಾಮ್ ಅದೀನ್ರೀ” ಎನ್ನುತ್ತೇವೆ. ಬೀಗರ ಮನೆಯಲ್ಲಿ ಅದು ಸರಿ, ತಪಾಸಣೆಯ ಕೋಣೆಯಲ್ಲಿ ಸರಿಯಲ್ಲ. ಸಾಮಾನ್ಯ ದಿನದಲ್ಲಿ ಏನಾಗುತ್ತದೆಯೋ ಅದನ್ನೇ ಹೇಳಿ: ಬಹಿರ್ದೆಸೆಗೆ ಕೂತರೆ ಏಳಲು ಯಾರು ಹಿಡಿಯುತ್ತಾರೆ, ತುಂಬಿದ ಕೊಡ ಎತ್ತಲು ಆಗುತ್ತದೆಯೇ, ಎಷ್ಟು ಹೆಜ್ಜೆಗೆ ನಿಲ್ಲಬೇಕಾಗುತ್ತದೆ, ಗುಂಡಿ ಹಾಕಲು, ಸೀರೆ ಉಡಲು ಯಾರು ಬೇಕು. “ಬಹಳ ತ್ರಾಸು” ಎಂಬ ಒಂದು ಮಾತಿಗಿಂತ ಇಂಥ ನಾಲ್ಕು ಸಂಗತಿಗಳು ಉಪಯೋಗಕ್ಕೆ ಬರುತ್ತವೆ. ಒಂದು ವಾರ ಮೊದಲಿನಿಂದಲೇ ಮನೆಯ ಮಕ್ಕಳ ಕೈಯಲ್ಲಿ ಇವನ್ನು ನೋಟ್‌ಬುಕ್ಕಿನಲ್ಲಿ ಬರೆಯಿಸಿ. ಇಲ್ಲದ್ದನ್ನು ನಟಿಸಬೇಡಿ, ಸ್ನಾಯುವಿನ ಬಲವನ್ನು ಪರೀಕ್ಷಿಸುವವರಿಗೆ ಅದು ಗೊತ್ತಾಗುತ್ತದೆ, ಆಗ ನಿಜವಾದ ನೋವನ್ನೂ ನಂಬುವುದಿಲ್ಲ.

ಸಂಬಂಧಿಕರಿಗೆ ಒಂದು ಮಾತು. ರೋಗಿ ಮಾತನಾಡಬಲ್ಲವರಾದರೆ ಉತ್ತರವನ್ನು ಅವರೇ ಹೇಳಲಿ, ಬಿಟ್ಟದ್ದನ್ನು ನೀವು ಸೇರಿಸಿ. ಬುದ್ಧಿಮಾಂದ್ಯ ಮಕ್ಕಳ ವಿಷಯದಲ್ಲಿ ದಿನವೂ ನೋಡಿಕೊಳ್ಳುವ ತಾಯಿಯೋ ಅಜ್ಜಿಯೋ ಬರಬೇಕು; ಊರಿನ ಹಿರಿಯರು ಬಂದರೆ ಸಾಲದು.

ಡಿಸ್ಚಾರ್ಜ್ ಚೀಟಿ, ಶಸ್ತ್ರಚಿಕಿತ್ಸೆಯ ವಿವರ, ಹಳೆಯ ಪ್ರಮಾಣಪತ್ರ, ತಿರಸ್ಕಾರ ಪತ್ರ, ಆಧಾರ್, ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಎರಡು ಜೆರಾಕ್ಸ್ ಮಾಡಿಸಿ. ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು ಸ್ವೀಕೃತಿ ಪಡೆಯಿರಿ. ಎಕ್ಸ್‌ರೇ ಫಿಲ್ಮನ್ನು ತಗಡಿನ ಛಾವಣಿಯ ಕೆಳಗೆ ಸಿಕ್ಕಿಸಿಡುವ ರೂಢಿಯಿದೆ. ರಾಯಚೂರಿನ ಬೇಸಿಗೆಯಲ್ಲಿ ಫಿಲ್ಮ್‌ಗಳು ಒಂದಕ್ಕೊಂದು ಅಂಟಿಕೊಂಡು ಕೆಡುತ್ತವೆ. ಕಪಾಟಿನಲ್ಲಿಡಿ.

ಪರ್ಸೆಂಟ್ ಮಾಡಿಸಿಕೊಡುವೆನೆಂದು ಹಣ ಕೇಳುವವರ ಬೆನ್ನು ಹತ್ತಬೇಡಿ. ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಹೋಗುವ ದಿನ ಊರುಗೋಲು, ಕನ್ನಡಕ, ಶ್ರವಣಯಂತ್ರ, ಕ್ಯಾಲಿಪರ್ ಎಲ್ಲವೂ ಜೊತೆಗಿರಲಿ. ಸಕ್ಕರೆ ಕಾಯಿಲೆಯವರು ಉಪವಾಸ ಹೋಗಬೇಡಿ. ಸರದಿ ಮಧ್ಯಾಹ್ನಕ್ಕೆ ಬಂದೀತು, ರೊಟ್ಟಿ ಬುತ್ತಿ, ನೀರು, ಮಾತ್ರೆ ಕಟ್ಟಿಕೊಳ್ಳಿ. ಮೂತ್ರದ ನಳಿಕೆ ಹಾಕಿಸಿಕೊಂಡವರು ನಾಚಿಕೆಯಿಂದ ಅದನ್ನು ತೆಗೆಸಿಕೊಂಡು ಹೋಗುವುದುಂಟು. ಹಾಗೆ ಮಾಡಬೇಡಿ. ಚೀಲ ಖಾಲಿ ಮಾಡಿಕೊಂಡು, ಇನ್ನೊಂದು ಹೊಸ ಚೀಲ ಜೊತೆಗೆ ಇಟ್ಟುಕೊಂಡು ಹೊರಡಿ.